ಅರ್ಕಾವತಿಯ ಜಲಾನಯನ: ಹೊಸಬರಿಗೊಂದು ಪರಿಚಯ

ನದಿಯ ಚಿತ್ರ ಬರೆಯಿರಿ ಎಂದರೆ ಚಿಕ್ಕವರು ದೊಡ್ಡವರು ಎಲ್ಲರೂ ಒಂದೇ ಥರ ಬರೆಯುತ್ತಾರೆ: ಎರಡು ಬೆಟ್ಟ, ನಡುವಿನಿಂದ ಇಳಿದು ಬರುವ ಒಂದು ನೀಲಿ ಗೆರೆ. ಗೆರೆಯೇನೋ ಸರಿ. ಆದರೆ ನದಿಯ ಬಹುಪಾಲು ಆ ಗೆರೆಯ ಹೊರಗಿದೆ. ಹೊಲ, ಗೋಮಾಳ, ನೀಲಗಿರಿ ತೋಪು, ಬಡಾವಣೆ, ಬಸ್ ನಿಲ್ದಾಣ ಇವುಗಳ ಮೇಲೆಲ್ಲ ಅದು ಹರಡಿಕೊಂಡಿದೆ. ಆ ಹೊರಗಿನ ಭಾಗದ ಪರಿಚಯ ಮಾಡಿಕೊಡುವುದು ಈ ಲೇಖನದ ಕೆಲಸ. ಉದಾಹರಣೆಗೆ ಅರ್ಕಾವತಿಯನ್ನು ಆರಿಸಿಕೊಂಡಿದ್ದೇನೆ. ಸುಮಾರು 190 ಕಿಲೋಮೀಟರ್ ಉದ್ದದ ಸಣ್ಣ ನದಿ ಅದು. ಕಾವೇರಿಯಂಥ ದೊಡ್ಡ ನದಿಯಲ್ಲಿ ಆಗುವುದೆಲ್ಲ ಇದರಲ್ಲೂ ಆಗಿದೆ, ಆದರೆ ಕಣ್ಣಳತೆಯಲ್ಲಿ ಆಗಿದೆ. ಹೊಸದಾಗಿ ಕಲಿಯುವವರಿಗೆ ಅದೇ ಅನುಕೂಲ.

ಅರ್ಕಾವತಿ ಹುಟ್ಟುವುದು ನಂದಿಬೆಟ್ಟದಲ್ಲಿ. ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರದ ಈ ಬೆಟ್ಟ ಮತ್ತು ಅದರ ಅಕ್ಕಪಕ್ಕದ ಸಾಲಿನಿಂದ ಹೊರಡುವುದು ಒಂದೇ ನದಿಯಲ್ಲ. ಉತ್ತರ ಪಿನಾಕಿನಿ ಗೌರಿಬಿದನೂರಿನ ಕಡೆ ಇಳಿದು, ಆಂಧ್ರವನ್ನು ಹಾಯ್ದು, ನೆಲ್ಲೂರಿನ ಹತ್ತಿರ ಸಮುದ್ರ ಸೇರುತ್ತದೆ. ದಕ್ಷಿಣ ಪಿನಾಕಿನಿ ಹೊಸಕೋಟೆ ದಾಟಿ ತಮಿಳುನಾಡಿಗೆ ಹೋಗಿ ಕಡಲೂರಿನಲ್ಲಿ ಕೊನೆಗೊಳ್ಳುತ್ತದೆ. ಅರ್ಕಾವತಿ ನೈಋತ್ಯಕ್ಕೆ ತಿರುಗಿ ದೊಡ್ಡಬಳ್ಳಾಪುರ, ಹೆಸರಘಟ್ಟ, ರಾಮನಗರ, ಕನಕಪುರಗಳ ಮೂಲಕ ಹಾದು, ಮೇಕೆದಾಟಿನ ಹತ್ತಿರದ ಸಂಗಮದಲ್ಲಿ ಕಾವೇರಿಯನ್ನು ಕೂಡುತ್ತದೆ. ಅಲ್ಲಿಂದ ಅದರ ನೀರಿನ ದಾರಿ ಮೆಟ್ಟೂರು, ತಂಜಾವೂರು, ಪೂಂಪುಹಾರ್. ಎಂದರೆ, ಈ ಬೆಟ್ಟಸಾಲಿನ ಮೇಲೆ ಒಂದು ಮಾರು ಅಂತರದಲ್ಲಿ ಬಿದ್ದ ಎರಡು ಹನಿಗಳು ಸಮುದ್ರ ಸೇರುವ ಹೊತ್ತಿಗೆ ಅವುಗಳ ನಡುವೆ ಮುನ್ನೂರು ಕಿಲೋಮೀಟರಿಗೂ ಹೆಚ್ಚು ದೂರವಿರಬಹುದು.

ಹೆಂಚಿನ ಮನೆಯ ಮಾಡನ್ನು ನೆನಪಿಸಿಕೊಳ್ಳಿ. ಮುಂದಿನ ಇಳಿಜಾರಿಗೆ ಬಿದ್ದ ಮಳೆ ಅಂಗಳಕ್ಕೆ, ಹಿಂದಿನ ಇಳಿಜಾರಿಗೆ ಬಿದ್ದದ್ದು ಹಿತ್ತಿಲಿಗೆ. ನಡುವಿನ ನೆತ್ತಿಯ ಸಾಲು ಇವೆರಡನ್ನೂ ಬೇರೆ ಮಾಡುತ್ತದೆ. ನೆಲದ ಮೇಲೂ ಇಂಥ ನೆತ್ತಿಯ ಸಾಲುಗಳಿವೆ, ಅವನ್ನು ಜಲವಿಭಾಜಕ ಎನ್ನುತ್ತಾರೆ. ಒಂದು ನದಿಗೆ ಅಥವಾ ಕೆರೆಗೆ ನೀರು ಇಳಿದು ಬರುವ, ಸುತ್ತಲೂ ಇಂಥ ನೆತ್ತಿಯಿಂದ ಆವರಿಸಿದ ಇಡೀ ನೆಲವೇ ಅದರ ಜಲಾನಯನ ಪ್ರದೇಶ. ಊರಿನ ಪುಟ್ಟ ಗೋಕಟ್ಟೆಗೂ ಒಂದು ಜಲಾನಯನವಿದೆ, ಕಾವೇರಿಗೂ ಇದೆ. ಗೋಕಟ್ಟೆಯದು ಕೆರೆಯದರೊಳಗೆ, ಕೆರೆಯದು ಹಳ್ಳದ್ದರೊಳಗೆ, ಹಳ್ಳದ್ದು ಅರ್ಕಾವತಿಯದರೊಳಗೆ, ಅರ್ಕಾವತಿಯದು ಕಾವೇರಿಯದರೊಳಗೆ ಸೇರಿಕೊಂಡಿರುತ್ತದೆ. ಹಾಗಾಗಿ ‘ನೀವಿರುವುದು ಯಾವ ಜಲಾನಯನದಲ್ಲಿ?’ ಎಂದು ಯಾರಾದರೂ ಕೇಳಿದರೆ ಒಂದಕ್ಕಿಂತ ಹೆಚ್ಚು ಸರಿಯುತ್ತರಗಳಿರುತ್ತವೆ.

ಇನ್ನು ಸ್ವಲ್ಪ ಲೆಕ್ಕ. ಲೆಕ್ಕ ಎಂದೊಡನೆ ಪುಟ ತಿರುವಬೇಡಿ, ನೆನಪಿಡಬೇಕಾದದ್ದು ಒಂದೇ ಸಂಖ್ಯೆ. ಒಂದು ಚದರ ಕಿಲೋಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು 10 ಲಕ್ಷ ಲೀಟರ್ ನೀರು. ಬೆಂಗಳೂರಿನ 30–40ರ ನಿವೇಶನದ ಮೇಲೂ ವರ್ಷಕ್ಕೆ ಸುಮಾರು ಒಂದು ಲಕ್ಷ ಲೀಟರ್ ಬೀಳುತ್ತದೆ. ಪತ್ರಿಕೆಗಳಲ್ಲಿ ಓದುವ ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಲೀಟರಿನಲ್ಲಿ ಸುಮಾರು 2,832 ಕೋಟಿ.

ಈ ಸಂಖ್ಯೆಗಳನ್ನು ಹಿಡಿದು ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಬನ್ನಿ. ಶಿವಗಂಗೆಯ ಕಡೆಯಿಂದ ಬರುವ ಕುಮುದ್ವತಿ ಅರ್ಕಾವತಿಯನ್ನು ಸೇರುವ ಜಾಗದಲ್ಲಿ ಕಟ್ಟಿದ್ದು ಅದು. ಜಲಾನಯನ ಸುಮಾರು 1,450 ಚದರ ಕಿಲೋಮೀಟರ್. ಸಂಗ್ರಹ ಸುಮಾರು 3 ಟಿಎಂಸಿ, ಅಂದರೆ 8,500 ಕೋಟಿ ಲೀಟರ್. ಅಷ್ಟು ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ 145 ಕೋಟಿ ಲೀಟರ್. ಭಾಗಿಸಿ ನೋಡಿದರೆ, ಬಿದ್ದ ಮಳೆಯಲ್ಲಿ 59 ಮಿಲಿಮೀಟರಿನಷ್ಟು ಹರಿದು ಬಂದರೂ ಜಲಾಶಯ ತುಂಬಬೇಕು. ಆ ಸೀಮೆಯಲ್ಲಿ ವರ್ಷಕ್ಕೆ ಬೀಳುವುದು 800 ಮಿಲಿಮೀಟರಿನ ಆಸುಪಾಸು. ಹತ್ತರಲ್ಲಿ ಒಂದು ಪಾಲೂ ಬೇಡ!

ಮಿಕ್ಕ ಒಂಬತ್ತು ಪಾಲಿಗೂ ಹೆಚ್ಚು ಎಲ್ಲಿಗೆ ಹೋಗುತ್ತದೆ? ಬಯಲುಸೀಮೆಯಲ್ಲಿ ಬಿದ್ದ ಮಳೆಯ ದೊಡ್ಡ ಭಾಗ ಮಣ್ಣಿನಲ್ಲಿ ಇಂಗಿ, ಬೇರುಗಳ ಮೂಲಕ ಏರಿ, ಎಲೆಗಳಿಂದ ಆವಿಯಾಗಿ ಮತ್ತೆ ಆಕಾಶಕ್ಕೇ ಹೋಗುತ್ತದೆ. ಅದು ಪೋಲಾದ ನೀರಲ್ಲ; ರಾಗಿ, ಅವರೆ, ಹೊಂಗೆಮರ ಬದುಕುವುದು ಅದರಿಂದಲೇ. ಒಂದು ಭಾಗ ಇನ್ನೂ ಆಳಕ್ಕಿಳಿದು ಅಂತರ್ಜಲವಾಗುತ್ತದೆ. ಉಳಿದ ಚೂರು ಹರಿದು ಹಳ್ಳ ಸೇರುತ್ತದೆ. ನಾವು ನದಿ ಎಂದು ಕರೆಯುವುದು ಈ ಉಳಿದ ಚೂರನ್ನು. ಆದ್ದರಿಂದಲೇ ಜಲಾನಯನದ ಮೇಲೆ ನಾವು ಮಾಡುವ ಸಣ್ಣ ಬದಲಾವಣೆಯೂ ನದಿಯನ್ನು ದೊಡ್ಡದಾಗಿಯೇ ತಟ್ಟುತ್ತದೆ. ಮೇಲಿನ ನೆಲ ನೂರರಲ್ಲಿ ಐದು ಪಾಲು ಹೆಚ್ಚು ನೀರು ಕುಡಿದರೆ ನದಿ ಐದು ಪಾಲು ಕುಗ್ಗುವುದಿಲ್ಲ. ಅರ್ಧಕ್ಕಿಂತ ಹೆಚ್ಚು ಮಾಯವಾಗಿಬಿಡಬಹುದು.

ಅರ್ಕಾವತಿಗೆ ಆದದ್ದು ಇದೇ. ಬೆಂಗಳೂರಿಗೆ ನಲ್ಲಿಯ ನೀರು ಮೊದಲು ಬಂದದ್ದು ಈ ನದಿಯಿಂದ. ಕೆ. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದ ಕಾಲದಲ್ಲಿ, 1894ರಲ್ಲಿ, ಹೆಸರಘಟ್ಟದಿಂದ ಕೊಳವೆ ಹಾಕಿ ತಂದರು. ಅದು ಸಾಲದೆ 1933ರಲ್ಲಿ ತಿಪ್ಪಗೊಂಡನಹಳ್ಳಿಯ ಚಾಮರಾಜಸಾಗರ ಬಂತು. ಆಮೇಲೆ ಹಲವು ದಶಕ ಊರಿಗೆ ನೀರು ಕೊಟ್ಟ ಈ ಜಲಾಶಯಕ್ಕೆ ಒಳಹರಿವು ಕುಗ್ಗುತ್ತ ಬಂದು, ಈ ಶತಮಾನದ ಎರಡನೇ ದಶಕದ ಹೊತ್ತಿಗೆ ನಗರಕ್ಕೆ ಅಲ್ಲಿಂದ ನೀರೆತ್ತುವುದೇ ನಿಂತಿತು.

ಕಾರಣ ಕೇಳಿದರೆ ತರಗತಿಯಲ್ಲಿ ಬರುವ ಮೊದಲ ಉತ್ತರ ‘ಮಳೆ ಕಡಿಮೆಯಾಯಿತು’. ಬೆಂಗಳೂರಿನ ಏಟ್ರೀ ಸಂಸ್ಥೆಯ ವಿಜ್ಞಾನಿಗಳು ಮತ್ತು ಅವರ ಜೊತೆಗಾರರು ಇದನ್ನು ಒರೆಗೆ ಹಚ್ಚಿ ನೋಡಿ 2015ರಲ್ಲಿ ಪ್ರಕಟಿಸಿದರು. ಮಳೆ ಕಡಿಮೆಯಾಗಿದೆಯೇ, ಬಿಸಿಲು ಏರಿದೆಯೇ, ಕಟ್ಟೆಗಳು ಅಡ್ಡ ಬಂದವೇ, ಕೊಳವೆಬಾವಿಗಳು ಹೀರಿದವೇ, ನೀಲಗಿರಿ ಕುಡಿಯಿತೇ ಎಂದು ಒಂದೊಂದು ಅನುಮಾನವನ್ನೂ ಬೇರೆಬೇರೆಯಾಗಿ ಪರೀಕ್ಷಿಸಿದರು. ಮಳೆಯಲ್ಲಾಗಲಿ ತಾಪಮಾನದಲ್ಲಾಗಲಿ ನದಿಯನ್ನು ಒಣಗಿಸುವಷ್ಟು ಬದಲಾವಣೆ ಅವರಿಗೆ ಸಿಗಲಿಲ್ಲ. ಮುಖ್ಯ ಆರೋಪಿಗಳಾಗಿ ನಿಂತದ್ದು ಅಂತರ್ಜಲದ ಬಳಕೆ ಮತ್ತು ನೀಲಗಿರಿ ತೋಪುಗಳು. ಹಳ್ಳಗಳಿಗೆ ಅಲ್ಲಲ್ಲಿ ಬಿದ್ದ ಅಡ್ಡಗಟ್ಟೆಗಳ ಪಾಲು ಅಷ್ಟು ದೊಡ್ಡದಲ್ಲ.

ಕೊಳವೆಬಾವಿ ನದಿಯನ್ನು ಹೇಗೆ ಒಣಗಿಸುತ್ತದೆ ಎಂಬುದು ಹೊಸಬರಿಗೆ ಅಷ್ಟು ಸುಲಭವಾಗಿ ಹಿಡಿಯುವುದಿಲ್ಲ, ಆದ್ದರಿಂದ ನಿಧಾನವಾಗಿ ನೋಡೋಣ. ಹಿಂದೆ ತೆರೆದ ಬಾವಿಗಳ ಕಾಲದಲ್ಲಿ ಅಂತರ್ಜಲ ನೆಲದಿಂದ ಕೆಲವೇ ಮೀಟರ್ ಕೆಳಗಿತ್ತು. ಹಳ್ಳದ ತಳ ಅದಕ್ಕಿಂತ ತಗ್ಗಿನಲ್ಲಿರುತ್ತಿದ್ದುದರಿಂದ ದಡಗಳಿಂದ ಒರತೆಯ ನೀರು ಹಳ್ಳಕ್ಕೆ ಜಿನುಗುತ್ತಿತ್ತು. ಮಳೆ ನಿಂತು ತಿಂಗಳಾದ ಮೇಲೂ ಹಳ್ಳ ಹರಿಯುತ್ತಿದ್ದುದು ಈ ಒರತೆಯಿಂದ, ಆಕಾಶದಿಂದಲ್ಲ. ಸಾವಿರ ಅಡಿಯ ಕೊಳವೆಬಾವಿಗಳು ಬಂದ ಮೇಲೆ ಅಂತರ್ಜಲದ ಮಟ್ಟ ಹಳ್ಳದ ತಳಕ್ಕಿಂತ ಎಷ್ಟೋ ಕೆಳಗಿಳಿಯಿತು. ಈಗ ದಿಕ್ಕೇ ತಿರುಗಿದೆ: ಹಳ್ಳಕ್ಕೆ ಬಂದ ಮಳೆನೀರನ್ನೂ ಬರಿದಾದ ನೆಲ ಒಳಕ್ಕೆ ಎಳೆದುಕೊಳ್ಳುತ್ತದೆ. ನೀಲಗಿರಿಯದೂ ಇಂಥದ್ದೇ ಕಥೆ. ಅದರ ಬೇರು ಆಳದ ಪದರದ ತೇವವನ್ನೂ ಬೇಸಿಗೆಯಿಡೀ ಹೀರುತ್ತದೆ. ಮುಂಗಾರು ಬಂದಾಗ ಆ ಒಣಮಣ್ಣು ಮೊದಲು ತನ್ನ ಬಾಯಾರಿಕೆ ತೀರಿಸಿಕೊಳ್ಳುತ್ತದೆ, ಹರಿಯಲು ಉಳಿಯುವುದು ಕಡಿಮೆ. ಹೊಸದಾಗಿ ನೀಲಗಿರಿ ಬೆಳೆಸುವುದಕ್ಕೆ ರಾಜ್ಯ ಸರ್ಕಾರ 2017ರಲ್ಲಿ ತಡೆ ಹಾಕಿತು. ಆ ಹೊತ್ತಿಗೆ ಅರ್ಕಾವತಿಯ ಮೇಲ್ಸೀಮೆಯ ಹೊಲಗಳಲ್ಲಿ ಅದು ಒಂದು ತಲೆಮಾರು ಬೆಳೆದಾಗಿತ್ತು.

ರೈತರನ್ನು ದೂರಲು ಇದನ್ನು ಹೇಳುತ್ತಿಲ್ಲ. ಕೂಲಿಗೆ ಆಳು ಸಿಗದ, ರಾಗಿಗೆ ಬೆಲೆ ಬಾರದ ಕಾಲದಲ್ಲಿ ನೀಲಗಿರಿ ನೆಟ್ಟವರದು ಮನೆಯ ಮಟ್ಟಿಗೆ ಲೆಕ್ಕ ಸರಿಯಾಗಿಯೇ ಇತ್ತು. ತೊಡಕು ಇರುವುದು ಒಬ್ಬೊಬ್ಬರ ಸರಿ ಲೆಕ್ಕಗಳೆಲ್ಲ ಒಂದೇ ಜಲಾನಯನದಲ್ಲಿ ಕೂಡಿದಾಗ. ದೊಡ್ಡಬಳ್ಳಾಪುರದ ತೋಟಕ್ಕೆ ಕೊರೆದ ಬಾವಿಯೂ ತಿಪ್ಪಗೊಂಡನಹಳ್ಳಿಯ ಜಲಾಶಯವೂ ಒಂದೇ ನೀರನ್ನು ನೆಚ್ಚಿಕೊಂಡಿದ್ದವು, ಆದರೆ ಕಾಗದದ ಮೇಲೆ ಅವು ಎರಡು ಬೇರೆ ನೀರುಗಳು. ನದಿಯ ನೀರು ಸರ್ಕಾರದ್ದು. ನೆಲದಡಿಯ ನೀರು ಮಾತ್ರ, 1882ರ ಈಸ್‌ಮೆಂಟ್ಸ್ ಕಾಯ್ದೆಯ ಕಾಲದಿಂದ ಬಂದ ತಿಳಿವಳಿಕೆಯಂತೆ, ನೆಲದ ಒಡೆಯ ಎತ್ತಿಕೊಳ್ಳಬಹುದಾದದ್ದು. ಅಂತರ್ಜಲದ ಬಳಕೆಯನ್ನು ನಿಯಂತ್ರಿಸಲು ಕರ್ನಾಟಕ 2011ರಲ್ಲಿ ಕಾಯ್ದೆ ತಂದಿತು. ಅದಕ್ಕೂ ಮುಂಚೆ, 2003ರಲ್ಲಿ, ತಿಪ್ಪಗೊಂಡನಹಳ್ಳಿಯ ಜಲಾನಯನವನ್ನು ಕಾಪಾಡಲು ವಲಯಗಳನ್ನು ಗುರುತಿಸಿ ಕಟ್ಟಡ, ಕೈಗಾರಿಕೆಗಳಿಗೆ ಮಿತಿ ಹಾಕುವ ಅಧಿಸೂಚನೆಯೂ ಬಂತು. ಅಧಿಸೂಚನೆಯ ಕಣ್ಣು ಇದ್ದದ್ದು ಹೆಚ್ಚಾಗಿ ದಂಡೆಯ ಮೇಲೆ ಮತ್ತು ಕೊಳೆಯ ಮೇಲೆ. ನದಿ ಕರಗಿದ್ದು ದಂಡೆಯಿಂದ ಮೈಲಿಗಟ್ಟಲೆ ದೂರದ ಹೊಲಗಳಲ್ಲಿ.

ಈಗ ಬೆಂಗಳೂರಿಗೆ ಬನ್ನಿ. ಈ ಊರು ಕೂತಿರುವುದೇ ಒಂದು ನೆತ್ತಿಯ ಮೇಲೆ, 900 ಮೀಟರಿಗೂ ಹೆಚ್ಚು ಎತ್ತರದಲ್ಲಿ. ಬಸವನಗುಡಿಯ ದೊಡ್ಡ ಬಸವಣ್ಣನ ಬಳಿ ಹುಟ್ಟುತ್ತದೆ ಎಂದು ಹೇಳುವ ವೃಷಭಾವತಿ ಪಶ್ಚಿಮಕ್ಕೆ ಇಳಿದು, ಭೈರಮಂಗಲ ಕೆರೆಯ ಮೂಲಕ ಸಾಗಿ, ಮುಂದೆ ಅರ್ಕಾವತಿಯನ್ನು ಸೇರುತ್ತದೆ. ಕೋರಮಂಗಲ, ಚಲ್ಲಘಟ್ಟ, ಹೆಬ್ಬಾಳ ಕಣಿವೆಗಳ ನೀರು ಪೂರ್ವಕ್ಕೆ ಇಳಿದು ದಕ್ಷಿಣ ಪಿನಾಕಿನಿಗೆ ಹೋಗುತ್ತದೆ. ಊರು ಒಂದು, ಜಲಾನಯನ ಎರಡು.

ಇಂಥ ನೆತ್ತಿಯ ಮೇಲಿನ ಊರಿಗೆ 1974ರಿಂದ ಕಾವೇರಿಯ ನೀರು ಬರುತ್ತಿದೆ. ಶಿವನಸಮುದ್ರದ ಹತ್ತಿರದಿಂದ ತೊರೆಕಾಡನಹಳ್ಳಿಗೆ ತಂದು, ಶುದ್ಧ ಮಾಡಿ, ನೂರು ಕಿಲೋಮೀಟರ್ ದೂರಕ್ಕೆ, ಸುಮಾರು 500 ಮೀಟರ್ ಮೇಲಕ್ಕೆ ಪಂಪು ಮಾಡುತ್ತಾರೆ. 2024ರ ಅಕ್ಟೋಬರಿನಲ್ಲಿ ಐದನೇ ಹಂತ ಸೇರಿದ ಮೇಲೆ ಅದರ ಸಾಮರ್ಥ್ಯ ದಿನಕ್ಕೆ 200 ಕೋಟಿ ಲೀಟರನ್ನು ದಾಟಿದೆ. ಬಳಸಿದ ಮೇಲೆ ಈ ನೀರು ಎಲ್ಲಿಗೆ ಹೋಗುತ್ತದೆ ಎಂದು ವಿದ್ಯಾರ್ಥಿಗಳನ್ನು ಕೇಳುವುದು ನನಗೆ ಇಷ್ಟದ ಕೆಲಸ. ಪಶ್ಚಿಮದ ಬಡಾವಣೆಗಳಲ್ಲಿ ಬಚ್ಚಲಿನಿಂದ ಹೊರಟದ್ದು ವೃಷಭಾವತಿಗೆ, ಅಲ್ಲಿಂದ ಅರ್ಕಾವತಿಗೆ, ಅಲ್ಲಿಂದ ಸಂಗಮದಲ್ಲಿ ಮತ್ತೆ ಕಾವೇರಿಗೇ. ಹೊರಟ ನದಿಗೇ ವಾಪಸು, ಆದರೆ ಹೊರಟ ಹಾಗೆ ಅಲ್ಲ. ಭೈರಮಂಗಲದ ಕೆಳಗಿನ ಹಳ್ಳಿಗಳವರು ಈ ನೀರಿನ ನೊರೆಯನ್ನೂ ವಾಸನೆಯನ್ನೂ ಎಷ್ಟು ವರ್ಷಗಳಿಂದ ಸಹಿಸಿದ್ದಾರೆ ಎಂಬುದು ನಗರದ ಲೆಕ್ಕಪುಸ್ತಕದಲ್ಲಿ ಎಲ್ಲೂ ಇಲ್ಲ.

ಪೂರ್ವದ ಬಡಾವಣೆಗಳದು ಇನ್ನೂ ಸ್ವಾರಸ್ಯ. ಅಲ್ಲಿಗೂ ಬರುವುದು ಕಾವೇರಿಯೇ. ಆದರೆ ಬಳಸಿ ಬಿಟ್ಟದ್ದು ದಕ್ಷಿಣ ಪಿನಾಕಿನಿಯ ಪಾಲು. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಸಂಸ್ಕರಿಸಿ 2018ರಿಂದ ಕೋಲಾರದ ಕೆರೆಗಳಿಗೆ ಹರಿಸುತ್ತಿದ್ದಾರೆ. ಅಂದರೆ ಕೊಡಗಿನಲ್ಲಿ ಬಿದ್ದ ಮಳೆಯ ಒಂದು ಅಂಶ, ಬೆಂಗಳೂರಿನ ಅಡುಗೆಮನೆಯನ್ನು ಹಾಯ್ದು, ಕಾವೇರಿಗೆ ಯಾವ ಸಂಬಂಧವೂ ಇಲ್ಲದ ಕೋಲಾರದಲ್ಲಿ ಇಂಗುತ್ತಿದೆ. ಎರಡು ಹಂತದ ಸಂಸ್ಕರಣೆ ಸಾಕೇ ಎಂಬ ತಕರಾರು ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. ಬತ್ತಿದ ಬಾವಿಗಳಲ್ಲಿ ನೀರು ಕಂಡವರ ಸಂತೋಷವೂ ಸುಳ್ಳಲ್ಲ, ಅದರ ಗುಣದ ಬಗ್ಗೆ ಕೇಳುವವರ ಆತಂಕವೂ ಸುಳ್ಳಲ್ಲ. ಮೂರನೇ ಹಂತದ ಸಂಸ್ಕರಣೆ ಬೇಕು ಎನ್ನುವವರ ಪಕ್ಷ ನನ್ನದು.

ಬೆಂಗಳೂರಿನ ಈ ನೆತ್ತಿ ಕಾವೇರಿ ವ್ಯಾಜ್ಯದಲ್ಲೂ ಕಾಣಿಸಿಕೊಂಡಿದೆ. ಕಾವೇರಿಯ ಜಲಾನಯನ 81,155 ಚದರ ಕಿಲೋಮೀಟರ್. ತಮಿಳುನಾಡಿನಲ್ಲಿ 43,856, ಕರ್ನಾಟಕದಲ್ಲಿ 34,273, ಕೇರಳದಲ್ಲಿ 2,866, ಉಳಿದದ್ದು ಪುದುಚೇರಿಯಲ್ಲಿ. 1892 ಮತ್ತು 1924ರ ಒಪ್ಪಂದಗಳ ಕಾಲದಿಂದ ಎಳೆದುಕೊಂಡು ಬಂದ ಈ ವಿವಾದಕ್ಕೆ 1990ರಲ್ಲಿ ನ್ಯಾಯಮಂಡಳಿ ಬಂತು, 2007ರಲ್ಲಿ ಅದರ ಅಂತಿಮ ತೀರ್ಪು. ಸಾಮಾನ್ಯ ವರ್ಷದಲ್ಲಿ 740 ಟಿಎಂಸಿ ನೀರಿದೆ ಎಂದು ಹಿಡಿದು ತಮಿಳುನಾಡಿಗೆ 419, ಕರ್ನಾಟಕಕ್ಕೆ 270, ಕೇರಳಕ್ಕೆ 30, ಪುದುಚೇರಿಗೆ 7 ಎಂದು ಹಂಚಿತು. ಆಗ ಬೆಂಗಳೂರಿನ ಮೂರನೇ ಒಂದು ಭಾಗ ಮಾತ್ರ ಜಲಾನಯನದ ಒಳಗಿದೆ ಎಂದು ಅಷ್ಟಕ್ಕೇ ಕುಡಿಯುವ ನೀರನ್ನು ಲೆಕ್ಕ ಹಾಕಿತ್ತು. 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟ್ ಈ ವಾದವನ್ನು ಒಪ್ಪದೆ, ಇಡೀ ನಗರದ ಬಾಯಾರಿಕೆಯನ್ನು ಗಣನೆಗೆ ತೆಗೆದುಕೊಂಡು 4.75 ಟಿಎಂಸಿ ಸೇರಿಸಿತು.

ಅದೇ ತೀರ್ಪಿನಲ್ಲಿ ಕರ್ನಾಟಕಕ್ಕೆ ಇನ್ನೂ 10 ಟಿಎಂಸಿ ಸಿಕ್ಕಿತು. ಅದರ ಕಾರಣವನ್ನು ಗಮನಿಸಿದವರು ಕಡಿಮೆ. ತಮಿಳುನಾಡಿನ ಕಾವೇರಿ ಕಣಿವೆಯಲ್ಲಿ ನೆಲದಡಿ ಸಾಕಷ್ಟು ನೀರಿದೆ, ಅದರಲ್ಲಿ ಕನಿಷ್ಠ 10 ಟಿಎಂಸಿಯನ್ನು ಲೆಕ್ಕಕ್ಕೆ ಹಿಡಿಯಬೇಕು ಎಂದಿತು ನ್ಯಾಯಾಲಯ. ನೆಲದ ಮೇಲಿನದೂ ಕೆಳಗಿನದೂ ಒಂದೇ ನೀರು ಎಂಬ ಮಾತು, ಇಬ್ಬರು ದೊಡ್ಡ ಪಾಲುದಾರರ ನಡುವಿನ ಹಂಚಿಕೆಯಲ್ಲಿ, ಅಲ್ಪಸ್ವಲ್ಪವಾದರೂ ಬಾಯಿಬಿಟ್ಟು ಹೇಳಿಸಿಕೊಂಡದ್ದು ಹೀಗೆ. ನದಿಯ ಮೇಲೆ ಯಾವ ಒಂದು ರಾಜ್ಯಕ್ಕೂ ಒಡೆತನವಿಲ್ಲ ಎಂದೂ ತೀರ್ಪು ಹೇಳಿತು. ಈ ಮಾತನ್ನು ನಾವು ತಮಿಳುನಾಡಿಗೆ ಹೇಳಲು ಉತ್ಸಾಹ ತೋರುತ್ತೇವೆ. ನಂದಿಯ ಮೇಲ್ಸೀಮೆಗೂ ಕನಕಪುರದ ಕೆಳಸೀಮೆಗೂ ನಡುವೆ ಅದೇ ಮಾತು ಅನ್ವಯಿಸುತ್ತದೆ ಎಂಬುದು ನೆನಪಾಗುವುದಿಲ್ಲ.

ಹಂಚಿಕೊಳ್ಳುವುದು ನಮಗೆ ಹೊಸದೇನೂ ಅಲ್ಲ. ಈ ಸೀಮೆಯ ಕೆರೆಗಳು ಒಂಟಿಯಾಗಿ ಹುಟ್ಟಿದವಲ್ಲ. ಮೇಲಿನ ಕೆರೆಯ ಕೋಡಿ ಹರಿದರೆ ಕೆಳಗಿನ ಕೆರೆಗೆ ನೀರು. ಏರಿಯನ್ನು ಯಾರೋ ಎತ್ತರಿಸಿದರೆ ಹಿನ್ನೀರಿನ ಹೊಲದವರು ಜಗಳಕ್ಕೆ ಬರುತ್ತಿದ್ದರು, ಕೋಡಿಯನ್ನು ಮುಚ್ಚಿದರೆ ಕೆಳಗಿನ ಊರಿನವರು ಬರುತ್ತಿದ್ದರು. ತೂಬು ಎತ್ತಿ ಅಚ್ಚುಕಟ್ಟಿನ ಗದ್ದೆಗಳಿಗೆ ಸರದಿಯಂತೆ ನೀರು ಬಿಡುವವನು ನೀರುಗಂಟಿ. ಸುಗ್ಗಿಯಲ್ಲಿ ಅವನಿಗೆ ಧಾನ್ಯದ ಪಾಲು. ಆದರೆ ಈ ಹಳೆಯ ಏರ್ಪಾಡನ್ನು ಹಾಡಿಹೊಗಳುವವರ ಸಾಲಿಗೆ ನಾನು ಸೇರುವವನಲ್ಲ. ಊರಿನ ಗದ್ದೆಗಳಿಗೆಲ್ಲ ನೀರು ಹಂಚುತ್ತಿದ್ದ ಎಷ್ಟೋ ನೀರುಗಂಟಿಗಳು ದಲಿತರು, ಭೂಮಿಯಿಲ್ಲದವರು. ಊರಬಾವಿಯಿಂದ ಒಂದು ಕೊಡ ಸೇದುವ ಹಕ್ಕು ಅವರ ಮನೆಯವರಿಗಿರಲಿಲ್ಲ. 1927ರಲ್ಲಿ ಅಂಬೇಡ್ಕರ್ ಮಹಾಡದ ಚವದಾರ್ ಕೆರೆಯ ನೀರನ್ನು ಕುಡಿಯಬೇಕಾಗಿ ಬಂದದ್ದು ಇದೇ ಕಾರಣಕ್ಕೆ. ನೀರು ಎಲ್ಲರದು ಎನ್ನುವಾಗ ‘ಎಲ್ಲರು’ ಎಂದರೆ ಯಾರು ಎಂದೂ ಕೇಳಬೇಕಾಗುತ್ತದೆ.

ಇಷ್ಟು ಓದಿದ ಮೇಲೆ ನಿಮ್ಮೂರಿನ ಜಲಾನಯನವನ್ನು ನೀವೇ ಗುರುತಿಸಿ ನೋಡಿ. ಸರ್ವೇ ಆಫ್ ಇಂಡಿಯಾದ 1:50,000 ಅಳತೆಯ ನಕ್ಷೆ ಒಂದಿದ್ದರೆ ಸಾಕು. ಅದರಲ್ಲಿ ಕಂದುಬಣ್ಣದ ಸಮೋನ್ನತ ರೇಖೆಗಳಿರುತ್ತವೆ. ಒಂದು ರೇಖೆಯ ಮೇಲಿನ ಎಲ್ಲ ಜಾಗಗಳೂ ಒಂದೇ ಎತ್ತರದವು. ರೇಖೆಗಳು ಬಾಗಿ ಅವುಗಳ ಮೂತಿ ಎತ್ತರದ ಕಡೆ ಚಾಚಿದ್ದರೆ ಅಲ್ಲಿ ಹಳ್ಳವಿದೆ, ತಗ್ಗಿನ ಕಡೆ ಚಾಚಿದ್ದರೆ ಅದು ದಿಣ್ಣೆ. ನಿಮ್ಮ ಕೆರೆಯ ಏರಿಯ ಒಂದು ತುದಿಯಲ್ಲಿ ಪೆನ್ಸಿಲ್ ಇಟ್ಟು, ದಿಣ್ಣೆಯ ಮೂತಿಗಳನ್ನು ಹಿಡಿದುಕೊಂಡು, ರೇಖೆಗಳನ್ನು ನೇರವಾಗಿ ಕತ್ತರಿಸುತ್ತ ಮೇಲೇರಿ. ತುತ್ತತುದಿಯನ್ನು ಮುಟ್ಟಿ, ಹಾಗೆಯೇ ಏರಿಯ ಇನ್ನೊಂದು ತುದಿಗೆ ಇಳಿದು ಬನ್ನಿ. ಗೆರೆ ಎಲ್ಲಿಯೂ ಹಳ್ಳವನ್ನು ದಾಟಿರಬಾರದು. ದಾಟಿದ್ದರೆ ಅಳಿಸಿ ಮತ್ತೆ ಎಳೆಯಿರಿ, ಮೊದಲ ಸಲ ಎಲ್ಲರಿಗೂ ಹಾಗೇ ಆಗುತ್ತದೆ. ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್ ಮೊಬೈಲಿನಲ್ಲಿದ್ದರೆ, ಆ ಗೆರೆಯೊಳಗಿನ ಸರ್ವೇ ನಂಬರುಗಳು ಯಾವುವು, ದಾಖಲೆಯಲ್ಲಿರುವ ರಾಜಕಾಲುವೆ ಎಲ್ಲಿ ಹಾದಿದೆ ಎಂದೂ ನೋಡಬಹುದು.

ನಕ್ಷೆ ಸಿದ್ಧವಾದ ಮೇಲೆ ಅದನ್ನು ಗ್ರಾಮಸಭೆಗೋ ವಾರ್ಡ್ ಸಭೆಗೋ ತೆಗೆದುಕೊಂಡು ಹೋಗಿ. ಗೆರೆಯೊಳಗೆ ಎಷ್ಟು ಕೊಳವೆಬಾವಿಗಳಿವೆ, ರಾಜಕಾಲುವೆ ದಾಖಲೆಯಲ್ಲಿರುವಷ್ಟು ಅಗಲ ನೆಲದ ಮೇಲೂ ಇದೆಯೇ, ನಿಮ್ಮ ಕೆರೆಯ ಕೋಡಿ ಹರಿದರೆ ಯಾವ ಊರಿಗೆ ನೀರು ಹೋಗಬೇಕಿತ್ತು, ಈ ಮೂರು ಪ್ರಶ್ನೆಗಳನ್ನು ಕೇಳಿ. ಮೂರನೆಯದಕ್ಕೆ ಉತ್ತರ ಸಿಕ್ಕಿದರೆ, ಮುಂದಿನ ಸಭೆಗೆ ಆ ಊರಿನವರನ್ನೂ ಕರೆಯಿರಿ.